ಬಿರುಕಿನ ಮೇಲೊಂದು ಗಾಜು

ಗಾಜು ಒಡೆದಿತ್ತು.

ಮೊದಲ ನೋಟಕ್ಕೆ ಅದು ಅವನಿಗೆ ತಿಳಿಯಲಿಲ್ಲ. ಪಕ್ಕದ ಟೈಲರಮ್ಮನ ಮನೆಯ ಮುಂಗೋಣೆಯಲ್ಲಿ, ಎರಡು ಮನೆಗಳಿಗೂ ಸೇರಿದ ಗೋಡೆಯ ಎದುರು ಅವನು ನಿಂತಿದ್ದ. ಎದೆಯೆತ್ತರದಿಂದ ಸೂರಿನತ್ತ ಓರೆಯಾಗಿ ಹತ್ತಿಹೋಗಿದ್ದ ಬಿರುಕಿಗೆ ಅಡ್ಡಲಾಗಿ ತಾನೇ ಅಂಟಿಸಿದ್ದ ಬೆರಳಗಲದ ಗಾಜಿನ ಪಟ್ಟಿ, ಎರಡು ತುದಿಗಳಲ್ಲೂ ಬಿಳಿಗಾರೆಯ ಮುದ್ದೆಗೆ ಕಚ್ಚಿಕೊಂಡು, ಇಟ್ಟದ್ದು ಇಟ್ಟ ಹಾಗೆಯೇ ಇತ್ತು. ಮೋಡ ಸರಿದು ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಪಟ್ಟಿಯ ನಡುವೆ ಕೂದಲೆಳೆಯೊಂದು ಮಿಂಚಿತು. ಕೂದಲೇ ಇರಬೇಕೆಂದು ಉಗುರಿನಿಂದ ಕೆರೆದ. ಉಗುರು ತಡೆಯಿತು.

ಕನ್ನಡಕದ ಅಂಗಡಿಯವನ ಉಗುರು ಅದು. ಗೀರು ಯಾವುದು, ಸೀಳು ಯಾವುದು ಎಂಬುದು ಕಣ್ಣಿಗಿಂತ ಮೊದಲು ಅದಕ್ಕೆ ತಿಳಿಯುತ್ತಿತ್ತು. ಇದು ಸೀಳು. ಗೋಡೆ ಇನ್ನೂ ಜರುಗುತ್ತಿದೆ.

“ಯಾರದು? ಕನ್ನಡಕಾನಾ?” ಒಳಕೋಣೆಯಿಂದ ಅಜ್ಜಿಯ, ಟೈಲರಮ್ಮನ ತಾಯಿಯ, ದನಿ ಬಂತು. ಬಾಗಿಲು ತೆರೆದುಕೊಟ್ಟು ಮತ್ತೆ ಹೋಗಿ ಮಲಗಿದವಳು, ಬಂದವನು ಯಾರೆಂಬುದನ್ನು ಅಷ್ಟರಲ್ಲೇ ಮರೆತಿದ್ದಳು.

“ನಾನೇ ಅಜ್ಜಿ.”

“ಏನಂತೆ ನಿನ್ನ ಗಾಜು? ಏನಾದ್ರೂ ಬಾಯಿ ಬಿಡ್ತಾ?”

ಅವನು ಸೀಳಿನ ಮೇಲೆ ಇನ್ನೊಮ್ಮೆ ಉಗುರು ಆಡಿಸಿದ. ಈ ಪರೀಕ್ಷೆಯನ್ನು ಹೇಳಿಕೊಟ್ಟವನು ಅವನೇ. ಹೊಲಿಗೆ ಮಷೀನನ್ನು ಸ್ವಲ್ಪ ಕಾಲ ನಿಲ್ಲಿಸಿ, ಬಿರುಕಿನ ಮೇಲೆ ತೆಳುವಾದ ಗಾಜು ಅಂಟಿಸೋಣ. ಮಷೀನು ನಿಂತಾಗ ಗಾಜು ಉಳಿದರೆ ತಪ್ಪು ಮಷೀನಿನದು, ಅದರ ಅದುರುವಿಕೆಯದು. ಮಷೀನು ನಿಂತರೂ ಗಾಜು ಒಡೆದರೆ ಕಾರಣ ಬೇರೆ ಎಲ್ಲೋ ಇದೆ. ಆಗ ಗೋಡೆಯ ಎರಡೂ ಬದಿಯನ್ನು ನೋಡಬೇಕಾಗುತ್ತದೆ. ಹೀಗೆ ಟೈಲರಮ್ಮನಿಗೆ ಪಾಠ ಹೇಳುವವನಂತೆ ಬಿಡಿಸಿ ಹೇಳಿದ್ದ.

ಗೋಡೆಯ ಇನ್ನೊಂದು ಬದಿ ಅವನ ಮನೆ.

ಟೈಲರಮ್ಮ ಹೊಲಿದಿಟ್ಟಿದ್ದ ಶಾಲಾಚೀಲಗಳ ಕೊನೆಯ ಗಂಟನ್ನು ಅಂಗಡಿಗೆ ಮುಟ್ಟಿಸಲು ಹೋಗಿದ್ದಳು. ಯಾವ ಗಳಿಗೆಯಲ್ಲಾದರೂ ಬಂದಾಳು. ಅವನ ಜೇಬಿನಲ್ಲಿ, ಮಸೂರ ಒರೆಸುವ ಮೆತ್ತನೆಯ ಬಟ್ಟೆಯೊಳಗೆ, ಅವತ್ತು ಕತ್ತರಿಸುವಾಗ ಹೆಚ್ಚಾಗಿ ಉಳಿದ ಇನ್ನೊಂದು ಪಟ್ಟಿಯಿತ್ತು. ಜೊತೆಗೆ ತಂದಿದ್ದ ಸಾಮಾನಿನ ಪೆಟ್ಟಿಗೆಯಲ್ಲಿ ಬಿಳಿಗಾರೆಯ ಪುಡಿಯಿತ್ತು. ಬೇಕೆಂದು ತಂದದ್ದಲ್ಲ ಎಂದು ಆಮೇಲೆ ಅವನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ತರದೆ ಇರಬಹುದಾಗಿತ್ತಲ್ಲ ಎಂದೂ ಅಷ್ಟೇ ಸಲ ಕೇಳಿಕೊಂಡ.

ಕೈ ತಾನಾಗಿ ಕೆಲಸ ಮಾಡಿತು. ಉಳಿಯ ತುದಿಯಿಂದ ಮುದ್ದೆಗಳನ್ನು ಎಬ್ಬಿಸಿ, ಒಡೆದ ಎರಡು ತುಂಡುಗಳನ್ನು ಬಟ್ಟೆಗೆ ಸುತ್ತಿ ಜೇಬಿಗಿಳಿಸಿದ. ಮೇಜಿನ ಮೇಲಿದ್ದ ನೀರಿನ ಲೋಟದಿಂದ ಒಂದು ಗುಟುಕು ಬಗ್ಗಿಸಿ ಪುಡಿ ಕಲಸಿದ. ಗಳಿಗೆಯಲ್ಲೇ ಬಿಗಿಯುವ ಪುಡಿ ಅದು; ಹೊಸ ಪಟ್ಟಿ ಗೋಡೆಗೆ ಕಚ್ಚಿಕೊಂಡಿತು. ಅಷ್ಟರಲ್ಲಿ ನೆನಪಾಯಿತು: ಹಳೆಯ ಗಾಜಿನ ಮೇಲೆ ಟೈಲರಮ್ಮ ತನ್ನ ನೀಲಿ ಸೀಮೆಸುಣ್ಣದಿಂದ ಒಂದು ಅಡ್ಡಗೆರೆ ಎಳೆದಿದ್ದಳು. “ಬಟ್ಟೆಗೆ ಗುರುತು ಹಾಕ್ದೆ ಕತ್ತರಿ ಹಿಡಿಯಲ್ಲ ಅಣ್ಣಾ ನಾನು, ಗೋಡೆಗೂ ಒಂದಿರಲಿ,” ಎಂದು ನಕ್ಕಿದ್ದಳು. ಮಷೀನಿನ ಪಕ್ಕದ ತಟ್ಟೆಯಲ್ಲಿ ಸೀಮೆಸುಣ್ಣ ಸಿಕ್ಕಿತು. ಅವಳ ಕೈ ಎಡಕ್ಕೆ ಸ್ವಲ್ಪ ಇಳಿಯುತ್ತದೆ. ಅವನೂ ಎಡಕ್ಕೆ ಸ್ವಲ್ಪ ಇಳಿಸಿಯೇ ಎಳೆದ.

ಬೆರಳಿಗಂಟಿದ ನೀಲಿಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವಷ್ಟರಲ್ಲಿ ಗೇಟು ಸದ್ದಾಯಿತು.

“ಬಂದಿದ್ದೀರಾ ಅಣ್ಣಾ?” ಟೈಲರಮ್ಮ ಚಪ್ಪಲಿ ಬಿಡುತ್ತಲೇ ಕೇಳಿದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. “ಏನಾಯ್ತು? ಒಡೀತಾ?”

“ನೀನೇ ನೋಡಮ್ಮ.”

ಸುಳ್ಳಾಡಲು ಅವನಿಗೆ ಬೇಕಾಗಿದ್ದದ್ದು ಆ ಎರಡು ಮಾತು ಅಷ್ಟೇ. ಅವಳು ಹತ್ತಿರ ಬಂದು, ಸೂಜಿಗೆ ದಾರ ಪೋಣಿಸುವವಳಂತೆ ಒಂದು ಕಣ್ಣು ಕಿರಿದು ಮಾಡಿ ನೋಡಿದಳು. ನೋಡುತ್ತ ನೋಡುತ್ತ ಅವಳ ಹೆಗಲು ಇಳಿಯಿತು.

“ಇದೆ,” ಎಂದಳು. “ಗಟ್ಟಿಯಾಗೇ ಇದೆ. ಹಾಗಾದ್ರೆ ನನ್ನ ಮಷೀನೇ.”

“ಹಾಗಂತ ಪೂರ್ತಿ ಹೇಳಕ್ಕಾಗಲ್ಲ…”

“ನೀವೇ ಹೇಳಿದ್ರಲ್ಲ ಅಣ್ಣಾ. ನನಗೆ ಬೇಜಾರಾಗುತ್ತೆ ಅಂತ ಈಗ ಮಾತು ತಿರುಗಿಸ್ಬೇಡಿ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಗೆ ತಾಗಿಸಿಟ್ಟ ದೊಡ್ಡ ಮೋಟಾರು ಮಷೀನಿನ ಮೇಲೆ ಕೈಯಿಟ್ಟಳು. ದಪ್ಪ ಕ್ಯಾನ್ವಾಸಿನ ನಾಲ್ಕು ಪದರವನ್ನು ಒಂದೇ ಉಸಿರಿಗೆ ಹೊಲಿಯುವ ಮಷೀನು ಅದು. “ಇಷ್ಟು ವರ್ಷ ಈ ರಾಕ್ಷಸನ್ನ ನಿಮ್ಮ ಗೋಡೆಗೆ ಒರಗಿಸಿ ಕುಣಿಸಿದ್ದೀನಿ. ಒಂದು ದಿನಾನೂ ನೀವು ಬಾಯಿ ಬಿಟ್ಟು ಬೈದೋರಲ್ಲ. ಅತ್ತಿಗೆಗೂ ಹೇಳಿ, ಮನಸ್ಸಲ್ಲಿ ಇಟ್ಕೋಬೇಡಿ ಅಂತ. ತಪ್ಪು ನನ್ನದೇ.”

ಅವನು ಬಗ್ಗಿ ಪೆಟ್ಟಿಗೆ ಮುಚ್ಚಿದ. ಪೆಟ್ಟಿಗೆಯ ಕೊಂಡಿಯನ್ನು ಹಾಕಿ ತೆಗೆದು, ತೆಗೆದು ಹಾಕಿ, ಕೊನೆಗೆ ಎತ್ತಿಕೊಂಡು ಹೊರಬಂದ.

ಮನೆಯಲ್ಲಿ ಹೆಂಡತಿ ಆನೆಗಳನ್ನು ಒರೆಸುತ್ತಿದ್ದಳು.

ಪಿಂಗಾಣಿಯವು, ಮರದವು, ಕಲ್ಲಿನವು. ಸೊಂಡಿಲು ಎತ್ತಿದವು, ಇಳಿಸಿದವು. ಮದುವೆಯಾದಾಗಿನಿಂದ ಅವಳು ಕೂಡಿಸಿಕೊಂಡು ಬಂದ ಆನೆಗಳಿಗೆ ಈ ಮನೆಯಲ್ಲಿ ಸರಿಯಾದ ಜಾಗವೇ ಇರಲಿಲ್ಲ. ಕೆಲವು ಟೀವಿಯ ಮೇಲೆ, ಕೆಲವು ಕಪಾಟಿನಲ್ಲಿ, ಒಂದಂತೂ ಬಚ್ಚಲಿನ ಕಿಟಕಿಯಲ್ಲಿ ಕಾಲ ಕಳೆಯುತ್ತಿತ್ತು. ಅವುಗಳಿಗಾಗಿಯೇ ಅವನು ಕಳೆದ ಬೇಸಿಗೆಯಲ್ಲಿ ಅದೇ ಜಂಟಿ ಗೋಡೆಯೊಳಗೊಂದು ಗೂಡು ಕೊರೆದದ್ದು. ಮನೆಯ ಯಾವ ಕೆಲಸಕ್ಕೂ ಹೊರಗಿನವರನ್ನು ಕರೆಯುವ ಅಭ್ಯಾಸ ಅವನಿಗಿರಲಿಲ್ಲ. ನಲ್ಲಿಯ ವಾಷರಿನಿಂದ ಹಿಡಿದು ಗೋಡೆಯ ಪುಟ್ಟಿಯವರೆಗೆ ಎಲ್ಲ ಸ್ವಂತ ಕೈಯದೇ. ಪುಸ್ತಕ ನೋಡಿ, ವಿಡಿಯೊ ನೋಡಿ, ಎರಡು ಸಲ ಕೆಡಿಸಿ ಮೂರನೆಯ ಸಲ ಸರಿಮಾಡಿ ಕಲಿತವನು. ಅವನ ಭಾವಮೈದುನನಂತೂ ಅವನನ್ನು ಕರೆಯುತ್ತಿದ್ದದ್ದೇ ‘ಇಂಜಿನಿಯರ್ ಸಾಹೇಬರು’ ಎಂದು. ಆ ಗೇಲಿ ಕಿವಿಗೆ ಹಿತವಾಗಿಯೇ ಕೇಳಿಸುತ್ತಿತ್ತು.

ಹಳೆಯ ಕಾಲದ ಗೋಡೆ, ಒಳ್ಳೆಯ ದಪ್ಪ. ಗೂಡು ಇಷ್ಟೇ ಆಳ ಸಾಕು ಎಂದು ಅವನು ಪೆನ್ಸಿಲಿನಿಂದ ಗುರುತು ಮಾಡಿದ್ದ. ಆದರೆ ಹೆಂಡತಿಯ ದೊಡ್ಡ ಆನೆಯ ಸೊಂಡಿಲು ಹೊರಗೆ ಚಾಚಿಕೊಂಡಿತು. ಇನ್ನೊಂದಿಷ್ಟು ಕೊರೆದ. ಅಗಲವೂ ಸಾಲದು ಅನ್ನಿಸಿತು, ಅದನ್ನೂ ಹಿಗ್ಗಿಸಿದ. ಗೂಡಿನ ನೆತ್ತಿಗೆ ಭಾರ ಹೊರುವ ಕಬ್ಬಿಣದ ಪಟ್ಟಿಯೊಂದನ್ನು ಕೂರಿಸಬೇಕೆಂದು ಪುಸ್ತಕದಲ್ಲಿ ಚಿತ್ರ ಸಮೇತ ಬರೆದಿತ್ತು. ಇಷ್ಟು ಸಣ್ಣ ಗೂಡಿಗೇಕೆ ಎಂದುಕೊಂಡ. ಆಗ ಗೂಡು ಸಣ್ಣದಾಗಿ ಉಳಿದಿರಲಿಲ್ಲ.

ಆ ಮಧ್ಯಾಹ್ನ ಉಳಿಗೆ ಕೊನೆಯ ಪೆಟ್ಟು ಕೊಟ್ಟಾಗ ಮೇಲಿನ ಸಾಲಿನ ಇಟ್ಟಿಗೆಯೊಂದು ಒಂದು ನೂಲಿನಷ್ಟು ಕೆಳಗೆ ಕುಸಿಯಿತು. ಅದರ ಸಂದಿಯಿಂದ ಮರಳಿನ ಸಣ್ಣ ಧಾರೆ ಇಳಿಯತೊಡಗಿತು. ಸದ್ದಿಲ್ಲದೆ ಇಳಿಯಿತು, ನಿಂತಿತು, ಮತ್ತೆ ಇಳಿಯಿತು. ಅವನು ಉಳಿಯನ್ನು ಕೆಳಗೆ ಹಾಕಿದ. ಸಿಮೆಂಟನ್ನು ಗಟ್ಟಿಯಾಗಿ ಕಲಸಿ ಸಂದಿಗೆ ತುರುಕಿ, ಅಂಗೈಯಿಂದ ಒತ್ತಿ ಹಿಡಿದು ಬಹಳ ಹೊತ್ತು ನಿಂತ. ಮರಳು ನಿಂತಿತು. ಮೇಲೆ ಪುಟ್ಟಿ ಬಳಿದ, ಬಣ್ಣ ಹೊಡೆದ, ಒಳಗೊಂದು ದೀಪ ಕೂರಿಸಿ ಗಾಜಿನ ಬಾಗಿಲು ಹಾಕಿದ. ಬಂದವರೆಲ್ಲ ಹೊಗಳಿದರು. ಟೈಲರಮ್ಮನ ತಾಯಿ ಮಗಳ ಕೈ ಹಿಡಿದುಕೊಂಡು ನೋಡಲು ಬಂದು, “ಗೋಡೆಯೊಳಗೆ ಆನೆ ಸಾಕಿದ್ದೀಯಲ್ಲೋ ಕನ್ನಡಕಾ, ಮೇವಿಗೆ ಏನು ಮಾಡ್ತೀಯ?” ಎಂದು ಎಲ್ಲರನ್ನೂ ನಗಿಸಿದ್ದಳು.

ಆ ನಗು ಆರುವ ಮೊದಲೇ ಪಕ್ಕದ ಮನೆಯ ಗೋಡೆಯಲ್ಲಿ ಬಿರುಕು ಕಾಣಿಸಿತು. ಗೂಡಿನ ನೆತ್ತಿಯ ಮೂಲೆ ಎಲ್ಲಿದೆಯೋ ಸರಿಯಾಗಿ ಅದರ ಬೆನ್ನಿಗೆ ಹುಟ್ಟಿ ಮೇಲಕ್ಕೆ ಓಡಿತ್ತು. ಟೈಲರಮ್ಮ ಅವನನ್ನು ಕರೆದು ತೋರಿಸಿ, “ನನ್ನ ಮಷೀನಿಂದ ಇರಬಹುದಾ ಅಣ್ಣಾ?” ಎಂದು ಕೇಳಿದ್ದಳು. ಆಗಲೇ ಹೇಳಬಹುದಾಗಿತ್ತು. ಒಂದೇ ಮಾತು. ಅದರ ಬದಲು ಅವನು ಗಾಜಿನ ಪಾಠ ಹೇಳಿದ. ಗೋಡೆ ಕೂರಬೇಕಾದಷ್ಟು ಕೂತಿದೆ, ಇನ್ನು ಕದಲುವುದಿಲ್ಲ, ಗಾಜು ಗಟ್ಟಿಯಾಗಿ ಉಳಿದರೆ ಬಿರುಕಿಗೆ ಪುಟ್ಟಿ ತುಂಬಿ ಮರೆತುಬಿಡಬಹುದು ಎಂಬ ಆಸೆ ಅವನದು. ಗಾಜು ಉಳಿದರೆ ತಪ್ಪೆಲ್ಲ ಯಾರ ತಲೆಗೆ ಬಂದು ಕೂರುತ್ತದೆ ಎಂದು ಯೋಚಿಸಿರಲಿಲ್ಲ. ಯೋಚಿಸಿದ್ದರೂ ಯೋಚಿಸದವನ ಹಾಗೆ ಇದ್ದ.

“ಏನಾಯ್ತು ಅವಳ ಗೋಡೆ ಕತೆ?” ಹೆಂಡತಿ ಆನೆಯ ಕಿವಿಯನ್ನು ಒರೆಸುತ್ತ ಕೇಳಿದಳು.

“ಗಾಜು ಒಡೆದಿಲ್ಲ.”

“ನಾನು ಹೇಳಿರ್ಲಿಲ್ವಾ? ಅವಳ ಮಷೀನೇ ಅಂತ! ಬೆಳಗಿಂದ ಸಂಜೆವರೆಗೂ ಗುರ್ರ್ ಗುರ್ರ್ ಅಂತ, ಟೀವೀಲಿ ಯಾರು ಅಳ್ತಿದ್ದಾರೆ ಯಾರು ನಗ್ತಿದ್ದಾರೆ ಗೊತ್ತಾಗ್ತಿರ್ಲಿಲ್ಲ. ಈಗ ನೋಡಿ, ಎಷ್ಟು ಹಾಯಾಗಿದೆ.”

ಹೌದು, ಮನೆ ನಿಶ್ಶಬ್ದವಾಗಿತ್ತು. ಮಷೀನು ಓಡುವ ಹೊತ್ತಿಗೆ ಕಿಟಕಿ ಮುಚ್ಚುವುದು ಹೆಂಡತಿಯ ದಿನಚರಿಯಾಗಿತ್ತು. ಈಗ ಕಿಟಕಿ ತೆರೆದೇ ಇರುತ್ತಿತ್ತು. ಆ ಮೌನದಲ್ಲಿ ಅವನಿಗೆ ಒಂದೇ ಸದ್ದು ಕೇಳಿಸುತ್ತಿತ್ತು. ಮರಳು ಇಳಿಯುವ ಸದ್ದು. ಗೂಡಿಗೆ ಕಿವಿಯಿಟ್ಟರೆ ಏನೂ ಇರುತ್ತಿರಲಿಲ್ಲ. ಕಿವಿ ತೆಗೆದರೆ ಮತ್ತೆ ಕೇಳಿಸುತ್ತಿತ್ತು.

ಒಂದು ಬೆಳಿಗ್ಗೆ ಟೈಲರಮ್ಮ ಅವನ ಅಂಗಡಿಗೆ ಬಂದಳು. ಅವನು ಗಿರಾಕಿಯೊಬ್ಬರ ಕಣ್ಣಿಗೆ ಮಸೂರ ಬದಲಾಯಿಸುತ್ತ, “ಇದು ಸರಿಯಾಗಿ ಕಾಣುತ್ತೋ, ಮೊದಲಿನದೋ?” ಎಂದು ಕೇಳುತ್ತಿದ್ದ. ಗಿರಾಕಿ ಹೋಗುವವರೆಗೂ ಅವಳು ಮೂಲೆಯ ಕುರ್ಚಿಯಲ್ಲಿ ಕಾದಳು. ಆಮೇಲೆ ಎದ್ದು ಬಂದು ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಗಾಜಿನ ಮೇಜಿನ ಮೇಲಿಟ್ಟಳು.

“ಬಿಚ್ಚಿ ನೋಡಿ ಅಣ್ಣಾ.”

ಖಾಕಿ ಕ್ಯಾನ್ವಾಸಿನ ಒಂದು ಚೀಲ. ಸುತ್ತಿಗೆಗೆ ಒಂದು ಜೇಬು, ಉಳಿಗಳಿಗೆ ಸಾಲಾಗಿ ಸಣ್ಣ ಜೇಬುಗಳು, ಕರಣೆಗೆ ಅದರದೇ ಆಕಾರದ ಅಗಲ ಜೇಬು, ಮೊಳೆ ಉದುರದಂತೆ ಮಡಿಸಿ ಮುಚ್ಚುವ ಬಾಯಿ. ಅವನ ಸಾಮಾನಿನ ಅಳತೆಯನ್ನು ಅವಳು ಯಾವಾಗ ಕಣ್ಣಲ್ಲೇ ತೆಗೆದುಕೊಂಡಳೋ.

“ಆ ತಗಡಿನ ಪೆಟ್ಟಿಗೆ ಹೊತ್ಕೊಂಡು ನಮ್ಮನೆಗೆ ಓಡಾಡ್ತಿದ್ರಲ್ಲ, ನೋಡಕ್ಕಾಗ್ತಿರ್ಲಿಲ್ಲ,” ಎಂದಳು. “ಹೊಲಿಗೆ ಅಷ್ಟು ನೀಟಾಗಿಲ್ಲ. ಕೈಯಲ್ಲೇ ಹೊಲಿದಿದ್ದು. ಮಷೀನ್ ಮುಟ್ಲಿಲ್ಲ ಅಣ್ಣಾ, ಆಣೆ ಇಟ್ಟು ಹೇಳ್ತೀನಿ.”

ಅವಳ ಬಲಗೈಯ ನಡುಬೆರಳಿಗೆ ಪಟ್ಟಿ ಸುತ್ತಿತ್ತು. ದಪ್ಪ ಕ್ಯಾನ್ವಾಸಿಗೆ ಸೂಜಿ ದೂಡಿ ದೂಡಿ ಬೆರಳು ಬಾತಿತ್ತು. ಅವನು ಚೀಲವನ್ನು ತಿರುಗಿಸಿ ನೋಡಿದ, ಮತ್ತೆ ತಿರುಗಿಸಿ ನೋಡಿದ. ತಲೆಯೆತ್ತುವ ಧೈರ್ಯ ಬರಲಿಲ್ಲ.

“ಇದೆಲ್ಲ ಯಾಕಮ್ಮ…”

“ಮಷೀನ್ ಮಾರ್ತಿದ್ದೀನಿ. ಆಚೆ ಬೀದಿಯವರು ಭಾನುವಾರ ಬಂದು ತಗೊಂಡು ಹೋಗ್ತಾರೆ. ನಾನು ಕಾರ್ಖಾನೆಗೆ ಸೇರ್ಕೋತೀನಿ, ಕಾಲರ್ ಹೊಲಿಯೋ ವಿಭಾಗ. ದಿನಾಪೂರ್ತಿ ಬರೀ ಕಾಲರ್ ಅಂತೆ. ಶರ್ಟು ಕಣ್ಣಿಗೂ ಬೀಳಲ್ವಂತೆ.” ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. “ಅಮ್ಮ ಒಬ್ಬಳೇ ಇರಬೇಕು, ಅದೊಂದೇ ಚಿಂತೆ. ಅತ್ತಿಗೆಗೆ ಹೇಳಿ, ಮಧ್ಯೆ ಒಂದು ಸಲ ಇಣುಕಿ ನೋಡೋಕೆ.”

ಹೇಳು, ಈಗ ಹೇಳು ಎಂದು ಅವನು ತನಗೆ ತಾನೇ ಅಂದುಕೊಂಡ. ಅಷ್ಟರಲ್ಲಿ ಮುರಿದ ಫ್ರೇಮು ಹಿಡಿದುಕೊಂಡು ಯಾರೋ ಒಳಬಂದರು. ಅವನು ಆ ಗಿರಾಕಿಯತ್ತ ತಿರುಗಿದ ವೇಗ ಅವನಿಗೇ ಹೇಸಿಗೆ ತರಿಸಿತು.

ಶನಿವಾರ ಸಂಜೆ ಅಂಗಡಿಯಿಂದ ಬರುವಾಗ ಪಕ್ಕದ ಮನೆಯ ಬಾಗಿಲು ತೆರೆದಿತ್ತು. ನೋಡದೆ ದಾಟಬೇಕೆಂದುಕೊಂಡವನು ನೋಡಿಯೇಬಿಟ್ಟ, ಮತ್ತು ಅಲ್ಲೇ ನಿಂತ.

ಮಷೀನು ಬಾಗಿಲ ಬಳಿ ಬಂದು ಕೂತಿತ್ತು, ಮೈತುಂಬ ಹಳೆಯ ಹೊದಿಕೆ ಹೊದ್ದುಕೊಂಡು, ಹೊರಡಲು ಸಿದ್ಧವಾದ ನೆಂಟನಂತೆ. ಅದು ಖಾಲಿ ಮಾಡಿದ ಜಾಗದಲ್ಲಿ, ಗೋಡೆಗೆ ಒತ್ತಿಕೊಂಡು, ಅಜ್ಜಿಯ ಮಂಚ ಬಿದ್ದಿತ್ತು. ಅಜ್ಜಿ ಅದರ ಮೇಲೆ ಕಾಲು ಚಾಚಿ ಕುಳಿತಿದ್ದಳು. ಅವಳ ನೆತ್ತಿಯ ಮೇಲೆಯೇ ಬಿರುಕು ಸೂರಿಗೆ ಏರುತ್ತಿತ್ತು.

“ಬಾರೋ ಕನ್ನಡಕಾ! ನೋಡು, ನನಗೆ ಬಡ್ತಿ ಸಿಕ್ಕಿದೆ. ಹಿಂದಿನ ಕತ್ತಲೆ ಕೋಣೆಯಿಂದ ಮುಂದಿನ ಕಿಟಕಿ ಪಕ್ಕಕ್ಕೆ. ಇನ್ನು ಬೀದೀಲಿ ಯಾರು ಯಾರ ಜೊತೆ ಜಗಳ ಆಡಿದ್ರೂ ನನ್ನ ಲೆಕ್ಕ ತಪ್ಪಲ್ಲ.”

“ಅಜ್ಜಿ, ಇಲ್ಲಿ ಯಾಕೆ? ಆ ಕಡೆ ಗೋಡೆಗೆ ಹಾಕ್ಕೊಂಡ್ರೆ…”

“ಆ ಕಡೆ ಎಲ್ಲಿದೆ ಕಿಟಕಿ?” ಅಜ್ಜಿ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡಳು. ಅವನೇ ಮಾಡಿಕೊಟ್ಟ ಕನ್ನಡಕ. “ಒಬ್ಬಳೇ ಇರೋಳಿಗೆ ಬೀದಿ ಕಂಡ್ರೆ ಹೊತ್ತು ಹೋಗುತ್ತೆ ಅಂತ ಮಗಳೇ ಹಾಕಿಕೊಟ್ಟಳು. ಗೋಡೆಗೇನಾಗಿದೆ? ನಿನ್ನ ಗಾಜು ಗಟ್ಟಿಯಾಗಿದೆಯಲ್ಲ!”

ಅವಳು ಕೈಯೆತ್ತಿ ತೋರಿಸಿದ ಗಾಜಿನತ್ತ ಅವನು ಕಣ್ಣು ಹಾಯಿಸಿದ. ಅದು ಉಳಿದಿತ್ತು; ನಿನ್ನೆ ಮೊನ್ನೆ ಅಂಟಿಸಿದ ಗಾಜು ಇನ್ನೇನು ಮಾಡೀತು. ಅವನು ನೋಡುತ್ತಿದ್ದದ್ದು ಬಿರುಕನ್ನು. ಸೂರು ಮುಟ್ಟುವ ಜಾಗದಲ್ಲಿ ಅದು ಎರಡಾಗಿ ಕವಲೊಡೆದಿತ್ತು. ಆ ಕವಲು ಹಿಂದೆ ಇರಲಿಲ್ಲ. ದಿಂಬಿನ ಮೇಲೆ ಹಿಡಿ ತುಂಬದಷ್ಟು ಗಾರೆಯ ಪುಡಿ ಉದುರಿತ್ತು. ಅಜ್ಜಿ ಅದನ್ನು ಸೆರಗಿನಿಂದ ಕೊಡವಿ, “ಹಲ್ಲಿ ಕಾಟ,” ಎಂದಳು.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಗೂಡಿನ ಮುಂದೆ ನಿಂತ. ಗಾಜಿನ ಬಾಗಿಲು ತೆರೆದು, ನೆತ್ತಿಯ ಮೂಲೆಗೆ ಉಗುರು ತಾಗಿಸಿದ. ಬಳಿದ ಪುಟ್ಟಿ ಹಪ್ಪಳದಂತೆ ಕಳಚಿ ಅಂಗೈಗೆ ಬಿತ್ತು. ಒಳಗೆ ಅವನು ತುರುಕಿದ್ದ ಸಿಮೆಂಟು ಇಟ್ಟಿಗೆಯಿಂದ ಬಿಟ್ಟುಕೊಂಡು ಬೇರೆಯೇ ನಿಂತಿತ್ತು. ಆ ಸಂದಿಯಲ್ಲಿ ಉಗುರಲ್ಲ, ಈಗ ಬೆರಳಿನ ತುದಿಯೇ ಹೋಗುತ್ತಿತ್ತು.

“ಏನ್ರೀ ಅದು, ಕಾಲಲ್ಲಿ ಚಪ್ಪಲಿ ಹಾಕ್ಕೊಂಡು!” ಹೆಂಡತಿ ಅಡುಗೆಮನೆಯಿಂದ ಬಂದಳು.

ಅವನು ಜೇಬಿನಿಂದ ಮೆತ್ತನೆಯ ಬಟ್ಟೆಯನ್ನು ತೆಗೆದು ಬಿಚ್ಚಿದ. ಆ ಎರಡು ತುಂಡುಗಳನ್ನು ಎಸೆಯಬೇಕೆಂದು ದಿನವೂ ಅಂದುಕೊಂಡು, ದಿನವೂ ಬಟ್ಟೆ ಬದಲಿಸುವಾಗ ಹೊಸ ಜೇಬಿಗೆ ದಾಟಿಸುತ್ತ ಬಂದಿದ್ದ.

“ಗಾಜು ಒಡೆದಿತ್ತು ಕಣೆ,” ಎಂದ. “ನಾನು ಬದಲಾಯಿಸ್ದೆ.”

ಹೆಂಡತಿಗೆ ಮೊದಲು ಅರ್ಥವಾಗಲಿಲ್ಲ. ಅವನು ಎಲ್ಲವನ್ನೂ ಹೇಳಿದ: ಕುಸಿದ ಇಟ್ಟಿಗೆ, ಇಳಿದ ಮರಳು, ನೀಲಿ ಗೆರೆ, ಕ್ಯಾನ್ವಾಸಿನ ಚೀಲ, ಮಂಚ. ಹೇಳುವಾಗ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಅವಳು ರೇಗುತ್ತಾಳೆ, ಅಳುತ್ತಾಳೆ, ‘ಯಾರಿಗೂ ಹೇಳಬೇಡಿ’ ಎನ್ನುತ್ತಾಳೆ ಎಂದು ಅವನು ಕಾದ. ಕೊನೆಯದನ್ನು ಹೇಳಲಿ ಎಂದು ಒಳಗೊಳಗೆ ಬೇಡಿಕೊಳ್ಳುತ್ತಲೂ ಇದ್ದ. ಆಗ ತಪ್ಪಿನಲ್ಲಿ ಒಂದು ಪಾಲು ಅವಳಿಗೂ ಹೋಗುತ್ತಿತ್ತು.

ಅವಳು ಗೂಡಿನ ಮೂಲೆಯ ಸಂದಿಗೆ ಬೆರಳಿಟ್ಟು ನೋಡಿದಳು.

“ಸೊಂಡಿಲು ಹೊರಗೆ ಬರುತ್ತೆ, ಇನ್ನೊಂಚೂರು ಕೊರೀರಿ ಅಂದೋಳು ನಾನೇ,” ಎಂದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ದೊಡ್ಡ ಆನೆಯನ್ನು ಎರಡೂ ಕೈಯಿಂದ ಎತ್ತಿ ನೆಲದ ಮೇಲಿಟ್ಟಳು. ಅದರ ಹಿಂದೆ ಇನ್ನೊಂದು, ಮತ್ತೊಂದು. “ನಿಂತ್ಕೊಂಡು ಏನು ನೋಡ್ತೀರಿ? ಹೋಗಿ. ಆ ಮುದುಕಿ ಅಲ್ಲಿ ಮಲಗೋ ಮೊದಲು ಹೋಗಿ.”

ಟೈಲರಮ್ಮನ ಬಾಗಿಲ ಬಳಿ ಮಷೀನಿನ ಪಕ್ಕದಲ್ಲಿ ಒಬ್ಬ ಅಪರಿಚಿತ ನಿಂತಿದ್ದ. ಆಚೆ ಬೀದಿಯಿಂದ ಬಂದವನು. ನಾಳೆ ಬರಬೇಕಾದವನು ಗಾಡಿ ಸಿಕ್ಕಿತೆಂದು ಇವತ್ತೇ ಬಂದಿದ್ದ. ಟೈಲರಮ್ಮ ಮಷೀನಿನ ಚಕ್ರಕ್ಕೆ ಕೊನೆಯದಾಗಿ ಎಣ್ಣೆ ಬಿಡುತ್ತ ಅವನಿಗೆ ಬುದ್ಧಿ ಹೇಳುತ್ತಿದ್ದಳು: “ಎಡಗಡೆ ಸ್ಕ್ರೂ ಜಾಸ್ತಿ ಬಿಗೀಬೇಡಿ. ಮುನಿಸ್ಕೊಂಡು ದಾರ ಕಡಿಯುತ್ತೆ. ಸ್ವಲ್ಪ ಸಡಿಲ ಬಿಟ್ರೆ ಎಮ್ಮೆ ಚರ್ಮ ಬೇಕಾದ್ರೂ ಹೊಲಿಯುತ್ತೆ.”

“ಮಷೀನ್ ಕೊಡಬೇಡಮ್ಮ,” ಎಂದ ಕನ್ನಡಕದವನು.

ಅವನ ದನಿ ಕೇಳಿ ಎಲ್ಲರೂ ತಿರುಗಿದರು.

“ಏನಣ್ಣಾ?”

ಅವನು ನೇರವಾಗಿ ಗೋಡೆಯ ಹತ್ತಿರ ಹೋದ. ಅಜ್ಜಿಯ ಮಂಚಕ್ಕೆ ಮೊಣಕಾಲೂರಿ, ಬಟ್ಟೆಯಿಂದ ಎರಡು ತುಂಡುಗಳನ್ನು ತೆಗೆದು, ಗೋಡೆಯ ಮೇಲಿನ ಗಾಜಿನ ಪಕ್ಕದಲ್ಲೇ ಬಿರುಕಿಗೆ ಅಡ್ಡವಾಗಿ ಹಿಡಿದ. ಎರಡರ ಮೇಲೂ ಮಾಸಿದರೂ ಅಳಿಯದ ನೀಲಿ ಗೆರೆಯಿತ್ತು. ಒಂದು ತುಂಡಿನಲ್ಲಿ ಶುರುವಾದದ್ದು ಇನ್ನೊಂದರಲ್ಲಿ ಮುಗಿಯುತ್ತಿತ್ತು. ಗಾಜು ಗಾಜಿಗೆ ತಗುಲಿ ಸಣ್ಣಗೆ ಟಿಣ್ ಎಂದಿತು.

“ಇದು ನೀನು ಎಳೆದ ಗೆರೆ. ಅದು ನಾನು ಎಳೆದಿದ್ದು. ನಿನ್ನ ಮಷೀನು ನಿಂತಿದ್ದಾಗಲೇ ಗಾಜು ಒಡೀತು. ಗೋಡೆ ಕೆಡಿಸಿದ್ದು ನನ್ನ ಗೂಡು.”

ಗಾಡಿ ತಂದಿದ್ದವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

“ಏನಂತೆ?” ಅಜ್ಜಿ ಮಗಳನ್ನು ಕೇಳಿದಳು. “ಕನ್ನಡಕ ಏನು ಹೇಳ್ತಾನೆ? ಜೋರಾಗಿ ಹೇಳು.”

ಟೈಲರಮ್ಮ ಎಣ್ಣೆಯ ಡಬ್ಬಿಯನ್ನು ನಿಧಾನವಾಗಿ ಕೆಳಗಿಟ್ಟಳು. ಪಟ್ಟಿ ಸುತ್ತಿದ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಅವಳು ಮಾತಾಡಿದಾಗ ದನಿ ಮೆತ್ತಗೇ ಇತ್ತು. ಕೂಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

“ನಿಮ್ಮ ಕಾಲಿಗೆ ಬಿದ್ದು ಕ್ಷಮೆ ಕೇಳೋದೊಂದು ಬಾಕಿ ಇಟ್ಟಿದ್ದೆ, ಅಣ್ಣಾ.”

ಅವನು ತಲೆ ತಗ್ಗಿಸಿದ.

“ಕ್ಯಾನ್ವಾಸ್ ಹೊಲಿದು ಹೊಲಿದು ಬೆರಳು ಬಾತುಹೋದಾಗಲೂ ಅಂದ್ಕೊಂಡೆ. ಎಷ್ಟು ಒಳ್ಳೆ ಮನುಷ್ಯರು, ಒಂದು ಮಾತು ಬೈಲಿಲ್ಲ ಅಂತ.” ಅವಳು ಗಾಡಿಯವನತ್ತ ತಿರುಗಿದಳು. “ನೀವು ಹೋಗಿಬನ್ನಿ. ಮಷೀನ್ ಕೊಡಲ್ಲ.” ಆಮೇಲೆ, ಅವನ ಮುಖ ನೋಡದೆಯೇ, “ಮಂಚದ ಆ ತುದಿ ಹಿಡೀರಿ. ಮೊದಲು ಅಮ್ಮನ್ನ ಆಚೆ ಹಾಕಬೇಕು.”

ಅವಳು ಒಂದು ತುದಿ, ಅವನು ಒಂದು ತುದಿ. ಅಜ್ಜಿ ಇಳಿಯಲು ಒಪ್ಪಲಿಲ್ಲ. “ಇಳಿದ್ರೆ ಮತ್ತೆ ಹತ್ತಕ್ಕೆ ಮಂಡಿ ಕೇಳ್ಬೇಕಲ್ಲ!” ಎಂದಳು. ಅವಳನ್ನು ಕೂರಿಸಿಕೊಂಡೇ ಮಂಚವನ್ನು ಎದುರು ಗೋಡೆಗೆ ಸಾಗಿಸಿದರು. “ಮೆರವಣಿಗೆ ಚೆನ್ನಾಗಿದೆ,” ಎಂದಳು ಅಜ್ಜಿ. ಯಾರೂ ನಗಲಿಲ್ಲ.

ಆಮೇಲೆ ಕೆಲಸ ತಿಳಿದ ಗಾರೆಯವರು ಬಂದರು. ಈ ಸಲ ಅವನು ಸುತ್ತಿಗೆ ಮುಟ್ಟಲಿಲ್ಲ. ಆಸರೆಗೆ ಕಬ್ಬಿಣದ ಕಂಬ ನಿಂತಿತು, ಗೂಡು ಇಟ್ಟಿಗೆಯಿಂದ ತುಂಬಿತು, ಬಿರುಕಿನ ಬಾಯಿ ಬಿಡಿಸಿ ಹೊಸ ಗಾರೆ ಒತ್ತಿದರು. ಅಷ್ಟು ದಿನವೂ ಟೈಲರಮ್ಮ ಅವನನ್ನು ‘ಅಣ್ಣಾ’ ಎನ್ನಲಿಲ್ಲ. ‘ಇಲ್ನೋಡಿ’ ಎನ್ನುತ್ತಿದ್ದಳು, ಇಲ್ಲವೆ ಗಾರೆಯವರ ಮೂಲಕ ಹೇಳಿಸುತ್ತಿದ್ದಳು. ಕ್ಯಾನ್ವಾಸಿನ ಚೀಲವನ್ನು ಅವನು ಹಿಂತಿರುಗಿಸಲು ಹೋದಾಗ, “ನಿಮ್ಮ ಅಳತೆಗೆ ಹೊಲಿದಿದ್ದು, ಇನ್ಯಾರಿಗೆ ಆಗುತ್ತೆ?” ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳು. ಆ ಚೀಲ ಅವನ ಮನೆಯ ಮೊಳೆಗೆ ಖಾಲಿಯಾಗಿಯೇ ತೂಗುತ್ತಿತ್ತು. ನೆಲದ ಮೇಲೆ ಗೋಡೆಯುದ್ದಕ್ಕೂ ಆನೆಗಳು ಸಾಲುಗಟ್ಟಿ ನಿಂತಿದ್ದವು. ಅವುಗಳಿಗೆ ಬೇರೆ ಜಾಗ ಹುಡುಕುವ ಮಾತನ್ನು ಹೆಂಡತಿ ಎತ್ತಲಿಲ್ಲ.

ಗಾರೆ ಒಣಗಿದ ಮೇಲೆ ಒಂದು ಬೆಳಿಗ್ಗೆ ಟೈಲರಮ್ಮ ಅವನ ಮನೆಯ ಗೇಟಿನ ಬಳಿ ಬಂದು ನಿಂತಳು.

“ಒಂದು ಗಾಜಿನ ಪಟ್ಟಿ ಬೇಕಿತ್ತು,” ಎಂದಳು. “ಆ ಬಿಳಿ ಪುಡೀನೂ ಸ್ವಲ್ಪ.”

“ನಾನು ಬಂದು…”

“ಬೇಡ. ನಾನೇ ಅಂಟಿಸ್ತೀನಿ.”

ಅವನು ಪಟ್ಟಿ ಕತ್ತರಿಸಿ, ಅಂಚು ಉಜ್ಜಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟ. ತನ್ನ ಮನೆಗೆ ಮರಳಿದವಳು ಬಾಗಿಲು ಹಾಕಿಕೊಳ್ಳಲಿಲ್ಲ. ಹಿಂದೆಯೇ ಬಂದ ಅವನು ಹೊಸ್ತಿಲಿನ ಹೊರಗೆ, ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಪುಡಿಗೆ ನೀರು ಹೆಚ್ಚಾಯಿತು, ಹೇಳಬೇಕೆನ್ನಿಸಿದರೂ ಹೇಳಲಿಲ್ಲ. ಮುದ್ದೆ ಗೋಡೆಯಲ್ಲಿ ಜಾರಿತು, ಅವಳು ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದಳು. ಗಾಜು ಸೊಟ್ಟಗೆ ಕೂತಿತು. ಎರಡು ಮುದ್ದೆಗಳ ಮೇಲೂ ಅವಳ ಹೆಬ್ಬೆರಳಿನ ಗೆರೆಗಳು ಅಚ್ಚಾಗಿದ್ದವು. ಕೊನೆಗೆ ನೀಲಿ ಸೀಮೆಸುಣ್ಣದಿಂದ ಒಂದು ಗೆರೆ, ಎಡಕ್ಕೆ ಸ್ವಲ್ಪ ಇಳಿದದ್ದು.

ಎದುರು ಗೋಡೆಗೆ ಒರಗಿಸಿದ್ದ ಮಷೀನಿನ ಮುಂದೆ ಅವಳು ಹೋಗಿ ಕುಳಿತಳು. ಕ್ಯಾನ್ವಾಸಿನ ಒಂದು ಚೂರನ್ನು ಸೂಜಿಯ ಕೆಳಗೆ ಸರಿಸಿದಳು. ಕಾಲು ಒತ್ತುವ ಮೊದಲು ಒಂದು ಗಳಿಗೆ ತಡೆದಳು.

“ಒತ್ತೇ,” ಎಂದಳು ಅಜ್ಜಿ. “ಗಾಜನ್ನ ನಾನು ನೋಡ್ಕೋತೀನಿ.”

ಮಷೀನು ಗುರ್ರೆಂದಿತು. ನಿಂತಿತು. ಮತ್ತೆ ಶುರುವಾಗಿ, ಈ ಸಲ ನಿಲ್ಲದೆ ಓಡಿತು. ಅವನು ಹೊಸ್ತಿಲಿನಿಂದ ಹಿಂದೆ ಸರಿದು ತನ್ನ ಮನೆಯತ್ತ ನೋಡಿದ. ಹೆಂಡತಿ ಕಿಟಕಿಯಲ್ಲಿ ನಿಂತಿದ್ದಳು, ಕಿಟಕಿಯನ್ನು ಮುಚ್ಚಿರಲಿಲ್ಲ. ಇತ್ತ ಅಜ್ಜಿ ಕುರ್ಚಿಯನ್ನು ಗೋಡೆಯೆದುರು ಎಳೆದುಕೊಂಡು ಕುಳಿತಳು. ಅವನು ಮಾಡಿಕೊಟ್ಟ ಕನ್ನಡಕವನ್ನು ಮೂಗಿನಿಂದ ತೆಗೆದು, ಉಸಿರು ಊದಿ, ಸೆರಗಿನಿಂದ ಒಂದು ಕಡೆ ಒರೆಸಿದಳು, ಇನ್ನೊಂದು ಕಡೆ ಒರೆಸಿದಳು, ಬೆಳಕಿಗೆ ಹಿಡಿದು ನೋಡಿ ಮತ್ತೆ ಏರಿಸಿಕೊಂಡಳು. ಆಮೇಲೆ ಮಡಿಲಲ್ಲಿ ಕೈಗಳನ್ನು ಜೋಡಿಸಿಟ್ಟು, ಆ ಸೊಟ್ಟ ಗಾಜಿನ ಮೇಲೆ ಕಣ್ಣು ನೆಟ್ಟಳು.